ಜಿಎಂ ಕನೋಲಾ: ಬಿತ್ತನೆಯಿಂದ ವೇಬ್ರಿಡ್ಜ್‌ವರೆಗೆ ಕಾಳು ಬೆರೆಯದಂತೆ ಕಾಯುವುದು ಹೇಗೆ?

ಆಸ್ಟ್ರೇಲಿಯಾಕ್ಕೆ ಸುಗ್ಗಿ ಕೆಲಸಕ್ಕೆ ಹೊರಟ ನಮ್ಮ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಜಿಎಂ ಕನೋಲಾ ಅಂತಾರೆ, ನಾನ್ ಜಿಎಂ ಅಂತಾರೆ. ನೋಡಿದರೆ ಎರಡೂ ಒಂದೇ ಥರ ಇವೆ. ನಾವು ಏನು ಗಮನಿಸಬೇಕು?" ಕನೋಲಾ ಒಂದು ಎಣ್ಣೆಕಾಳು, ಜಿಎಂ ಎಂದರೆ ಕುಲಾಂತರಿ, ಅಂದರೆ ಹೊರಗಿನ ಜೀನ್ ಸೇರಿಸಿದ ತಳಿ. 2024ರಿಂದ ಭಾರತೀಯರಿಗೂ 462 ವೀಸಾ, ಅಂದರೆ ರಜೆಯ ಜೊತೆ ಕೆಲಸವನ್ನೂ ಮಾಡಲು ಬಿಡುವ ವೀಸಾ, ಸಿಗುತ್ತಿದೆ. ಲಾಟರಿ ಎತ್ತಿ ವರ್ಷಕ್ಕೆ 1000 ಜನರಿಗೆ ಕೊಡುವ ಈ ವೀಸಾದ ನಂತರ ಪ್ರಶ್ನೆ ಇನ್ನೂ ಹೆಚ್ಚಾಗಿದೆ. ಕೃಷಿ ಪದವಿ ಮುಗಿಸಿದವರೂ ಕೇಳುತ್ತಾರೆ, ಟ್ರ್ಯಾಕ್ಟರ್ ಹತ್ತಿ ಗೊತ್ತಿಲ್ಲದವರೂ ಕೇಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಪದ್ಧತಿಯನ್ನು ಮುಂದಿಟ್ಟುಕೊಂಡು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಜಿಎಂ ಕನೋಲಾ ಬೆಳೆಯುವುದು ಕಷ್ಟವಲ್ಲ, ಅದನ್ನು ಬೇರೆಯಾಗಿ ಇಡುವುದು ಕಷ್ಟ. ಕಣ್ಣಿಗೆ, ಕೈಗೆ, ಮೂಗಿಗೆ ಕಾಳಿನ ವ್ಯತ್ಯಾಸ ತಿಳಿಯುವುದಿಲ್ಲ. ಹೀಗಾಗಿ ಇಡೀ ವ್ಯವಸ್ಥೆ ಪೊರಕೆ ಮತ್ತು ಕಾಗದ, ಇವೆರಡರ ಮೇಲೆ ನಿಂತಿದೆ: ಯಂತ್ರ ಗುಡಿಸಿದಿರಾ, ಗುಡಿಸಿದ್ದನ್ನು ಬರೆದಿಟ್ಟಿರಾ?

ಮೊದಲು ತಿಳಿದಿರಬೇಕಾದ್ದು

ಕನೋಲಾ ಸಾಸಿವೆಯ ಬಳಗದ ಎಣ್ಣೆಕಾಳು. 1970ರ ದಶಕದಲ್ಲಿ ಕೆನಡಾದ ತಳಿ ವಿಜ್ಞಾನಿಗಳಾದ ಕೀತ್ ಡೌನಿ ಮತ್ತು ಬಾಲ್ದುರ್ ಸ್ಟೆಫಾನ್ಸನ್ ರೇಪ್‌ಸೀಡ್ ಗಿಡದಿಂದ ಇದನ್ನು ರೂಪಿಸಿದರು. ಎಣ್ಣೆಯಲ್ಲಿ ಎರೂಸಿಕ್ ಆಮ್ಲ 2%ಗಿಂತ ಕಡಿಮೆ ಇರಬೇಕು, ಹಿಂಡಿಯಲ್ಲಿ ಘಾಟು ಕೊಡುವ ಗ್ಲುಕೋಸಿನೊಲೇಟ್ ತೀರಾ ಕಡಿಮೆ ಇರಬೇಕು. ಆಗ ಮಾತ್ರ ಅದು ಕನೋಲಾ. ಆ ಕೆಲಸ ನಡೆದದ್ದು ಸಾಮಾನ್ಯ ತಳಿ ಸಂಕರಣದಿಂದ. ಕುಲಾಂತರಿ ತಂತ್ರ, ಅಂದರೆ ಜಿಎಂ, ಬಂದದ್ದು ಆಮೇಲೆ.

ನಮ್ಮ ಹತ್ತಿ ಬೆಳೆಗಾರರಿಗೆ ಬಿಟಿ ಗೊತ್ತು. ಅಲ್ಲಿ ಸೇರಿಸಿದ ಜೀನ್ ಕಾಯಿಕೊರಕವನ್ನು ಕೊಲ್ಲುತ್ತದೆ. ಕನೋಲಾದಲ್ಲಿ ಸೇರಿಸಿದ್ದು ಕಳೆನಾಶಕ ತಾಳಿಕೊಳ್ಳುವ ಜೀನ್. ಮುಖ್ಯವಾಗಿ ಎರಡು ಬಗೆ. ಗ್ಲೈಫೋಸೇಟ್ ತಾಳುವುದು ಒಂದು: ಹಳೆಯದು ರೌಂಡಪ್ ರೆಡಿ, ಹೊಸದು ಟ್ರೂಫ್ಲೆಕ್ಸ್. ಗ್ಲೂಫೋಸಿನೇಟ್ ತಾಳುವುದು ಇನ್ನೊಂದು: ಇನ್ವಿಗರ್. ಭಾರತದಲ್ಲಿ ವಿವಾದದಲ್ಲಿರುವ ಡಿಎಂಎಚ್-11 ಸಾಸಿವೆಯಲ್ಲಿರುವುದೂ ಇನ್ವಿಗರ್‌ನಲ್ಲಿ ಬಳಸಿದ ಬಾರ್, ಬಾರ್ನೇಸ್, ಬಾರ್‌ಸ್ಟಾರ್ ಜೀನ್‌ಗಳ ಬಳಗವೇ. ಅದಕ್ಕೆ 2022ರ ಅಕ್ಟೋಬರ್‌ನಲ್ಲಿ ಪರಿಸರ ಬಿಡುಗಡೆಯ ಒಪ್ಪಿಗೆ ಸಿಕ್ಕಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಭಿನ್ನ ತೀರ್ಪು ಕೊಟ್ಟರು. ಭಾರತದ ಚರ್ಚೆಯನ್ನು ಅರ್ಥಮಾಡಿಕೊಳ್ಳಬೇಕು ಎನ್ನುವವರಿಗೆ ಇಲ್ಲಿನ ಹೊಲಗಳಲ್ಲಿ ನೋಡಿ ಕಲಿಯುವುದು ಬಹಳ ಇದೆ.

ಆಸ್ಟ್ರೇಲಿಯಾದ ಕೇಂದ್ರ ನಿಯಂತ್ರಕರು ಜಿಎಂ ಕನೋಲಾಕ್ಕೆ 2003ರಲ್ಲೇ ಪರವಾನಗಿ ಕೊಟ್ಟರೂ ರಾಜ್ಯಗಳು ತಡೆ ಹಿಡಿದವು. ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್ 2008ರಲ್ಲಿ ತೆರೆದುಕೊಂಡವು. ಪಶ್ಚಿಮ ಆಸ್ಟ್ರೇಲಿಯಾ 2010ರಲ್ಲಿ, ದಕ್ಷಿಣ ಆಸ್ಟ್ರೇಲಿಯಾ ಕಾಂಗರೂ ದ್ವೀಪವೊಂದನ್ನು ಬಿಟ್ಟು 2020ರಲ್ಲಿ ಬಾಗಿಲು ತೆರೆದವು. ಟಾಸ್ಮೇನಿಯಾದಲ್ಲಿ ಇಂದಿಗೂ ನಿಷೇಧವಿದೆ. ಜಿಎಂ ಹೊಲದಲ್ಲಿ ಓಡಾಡಿದ ಬೂಟು, ಚೀಲ, ಉಪಕರಣ ಹೊತ್ತು ಅಲ್ಲಿಗೆ ಹೋಗುವವರು ಎಲ್ಲವನ್ನೂ ಒಂದು ಕಾಳೂ ಉಳಿಯದಂತೆ ತೊಳೆದುಕೊಂಡು ಹೋಗಿ.

ಇಷ್ಟೆಲ್ಲ ಬೇರ್ಪಡಿಸುವುದು ಮಾರುಕಟ್ಟೆಯ ಕಾರಣಕ್ಕೆ. ಆಸ್ಟ್ರೇಲಿಯಾದ ನಾನ್ ಜಿಎಂ ಕನೋಲಾಕ್ಕೆ ಯುರೋಪ್ ದೊಡ್ಡ ಗಿರಾಕಿ. ಬಹುಪಾಲು ಜೈವಿಕ ಡೀಸೆಲ್‌ಗೆ ಹೋಗುತ್ತದೆ. ನಾನ್ ಜಿಎಂ ಎಂದು ಮಾರುವ ಕಾಳಿನಲ್ಲಿ ಅಕಸ್ಮಾತ್ ಬೆರೆತ ಜಿಎಂ 0.9% ಮೀರುವಂತಿಲ್ಲ. ಬಿತ್ತನೆ ಬೀಜಕ್ಕಾದರೆ ಮಿತಿ 0.5%. ಜಿಎಂ ಕಾಳಿಗೆ ಸಾಮಾನ್ಯವಾಗಿ ಟನ್ನಿಗೆ ಕಡಿಮೆ ದರ ಸಿಗುತ್ತದೆ. ಹೀಗಾಗಿ ಬೆರಕೆ ಆದರೆ ನಷ್ಟ ಯಾವಾಗಲೂ ನಾನ್ ಜಿಎಂ ಕಡೆಯವರಿಗೆ.

ಹಂತ 1: ಕಾಗದ ಪತ್ರ ಮತ್ತು ಹೊಲದ ನಕ್ಷೆ

ರೈತ ಮೊದಲು ತರಬೇತಿ ಪಡೆದು ಮಾನ್ಯತೆ ತೆಗೆದುಕೊಳ್ಳಬೇಕು, ತಂತ್ರಜ್ಞಾನದ ಒಡೆತನವಿರುವ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು. ಒಪ್ಪಂದದ ಪ್ರಕಾರ ಬೆಳೆದ ಕಾಳನ್ನು ಮುಂದಿನ ವರ್ಷಕ್ಕೆ ಬೀಜವಾಗಿ ಎತ್ತಿಡುವಂತಿಲ್ಲ. "ಸ್ವಲ್ಪ ಉಳಿದಿದೆ, ಇಟ್ಟುಕೊಳ್ಳೋಣ" ಎನ್ನುವ ನಮ್ಮೂರ ಅಭ್ಯಾಸ ಇಲ್ಲಿ ಕಾನೂನಿನ ತೊಂದರೆ ತರುತ್ತದೆ.

ಕೆಲಸಗಾರರಾಗಿ ನೀವು ಹೋದ ದಿನವೇ ಕೇಳಿ ಪಡೆಯಬೇಕಾದ್ದು ಹೊಲಗಳ ನಕ್ಷೆ. ಇಲ್ಲಿ ಹೊಲಕ್ಕೆ ಪ್ಯಾಡಕ್ ಎನ್ನುತ್ತಾರೆ, ಪ್ರತಿಯೊಂದಕ್ಕೂ ಹೆಸರೋ ಸಂಖ್ಯೆಯೋ ಇರುತ್ತದೆ. ಯಾವ ಪ್ಯಾಡಕ್‌ನಲ್ಲಿ ಯಾವ ತಳಿ ಎಂದು ಫೋನಿನಲ್ಲೂ ಕಾಗದದಲ್ಲೂ ಇಟ್ಟುಕೊಳ್ಳಿ, ಏಕೆಂದರೆ ಹೊಲದ ನಡುವೆ ನೆಟ್‌ವರ್ಕ್ ಸಿಗುವ ಭರವಸೆ ಇಲ್ಲ.

ತಳಿಯ ಹೆಸರಿನ ಕೊನೆಯ ಅಕ್ಷರಗಳನ್ನು ಓದಲು ಕಲಿಯಿರಿ. ಆರ್‌ಆರ್, ಟಿಎಫ್, ಎಕ್ಸ್‌ಎಕ್ಸ್ ಎಂದಿದ್ದರೆ ಗ್ಲೈಫೋಸೇಟ್ ತಾಳುವ ಜಿಎಂ. ಟಿಟಿ ಎಂದರೆ ಟ್ರಯಾಜಿನ್ ಗುಂಪಿನ ಕಳೆನಾಶಕ ತಾಳುವ ತಳಿ, ಸಿಎಲ್ ಎಂದರೆ ಇಮಿಡಾಜೊಲಿನೋನ್ ಗುಂಪಿನ ಕಳೆನಾಶಕ ತಾಳುವ ಕ್ಲಿಯರ್‌ಫೀಲ್ಡ್ ತಳಿ. ಇವೆರಡೂ ಜಿಎಂ ಅಲ್ಲ. ಕಳೆನಾಶಕ ತಾಳುವುದೆಲ್ಲ ಜಿಎಂ ಎಂದುಕೊಳ್ಳುವುದು ಹೊಸಬರು ಅತಿ ಹೆಚ್ಚು ಮಾಡುವ ತಪ್ಪು. ಟಿಟಿ ಹೊಲಕ್ಕೆ ಗ್ಲೈಫೋಸೇಟ್ ಹೊಡೆದರೆ ಬೆಳೆಯೆಲ್ಲ ಸುಟ್ಟು ಹೋಗುತ್ತದೆ.

ಹಂತ 2: ಬಿತ್ತನೆ

ಏಪ್ರಿಲ್, ಮೇ ತಿಂಗಳು ಬಿತ್ತನೆಯ ಕಾಲ. ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ ಮಳೆಗಾಲವೇ ಚಳಿಗಾಲ, ಹಾಗಾಗಿ ನಮ್ಮ ಹಿಂಗಾರಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೆಕ್ಟೇರಿಗೆ 2ರಿಂದ 3 ಕಿಲೋ ಬೀಜ ಸಾಕು, ಆಳ 1.5ರಿಂದ 3 ಸೆಂಟಿಮೀಟರ್. ಸಾವಿರ ಕಾಳಿನ ತೂಕ 3ರಿಂದ 6 ಗ್ರಾಂ ಅಷ್ಟೇ, ಅಂದರೆ ಒಂದು ಕಿಲೋದಲ್ಲಿ ಎರಡು ಮೂರು ಲಕ್ಷ ಕಾಳು. ಬಿತ್ತುವ ಯಂತ್ರದ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಿಡಿ ಉಳಿದರೂ ಮುಂದಿನ ಹೊಲದ ಉದ್ದಕ್ಕೂ ಗಿಡ ಹುಟ್ಟಿಸಲು ಸಾಕಾಗುತ್ತದೆ ಎಂಬುದು ಇದರಿಂದಲೇ ಅರ್ಥವಾಗಬೇಕು.

ನೆರೆಯ ನಾನ್ ಜಿಎಂ ಕನೋಲಾ ಬೆಳೆಯಿಂದ ಕಡಿಮೆಯೆಂದರೆ 5 ಮೀಟರ್ ಬಿಟ್ಟು ಬಿತ್ತುವುದು ಇಲ್ಲಿನ ರೂಢಿಯ ನಿಯಮ. ಅಷ್ಟೇ ಸಾಕೇ ಎಂದು ಕೇಳುವವರಿದ್ದಾರೆ. ಪರಾಗ ಅದಕ್ಕಿಂತ ದೂರ ಹೋಗುತ್ತದೆ, ನಿಜ. ಆದರೆ ದೊಡ್ಡ ಹೊಲದ ಇಡೀ ರಾಶಿಯಲ್ಲಿ ಅದರ ಪಾಲು 0.9%ಗಿಂತ ಬಹಳ ಕೆಳಗೇ ಉಳಿಯುತ್ತದೆ ಎಂಬ ಲೆಕ್ಕದ ಮೇಲೆ ಈ ಅಂತರ ನಿಂತಿದೆ. ನೆರೆಯವರು ಸಾವಯವ ಕೃಷಿಕರಾದರೆ ಈ ಲೆಕ್ಕ ಸಾಲದು. ಅವರ ಪ್ರಮಾಣಪತ್ರ ಜಿಎಂ ಇರುವಿಕೆಯನ್ನೇ ಒಪ್ಪುವುದಿಲ್ಲ. ಬಿತ್ತುವ ಮೊದಲೇ ಬೇಲಿಯ ಆಚೆಯವರೊಂದಿಗೆ ಕುಳಿತು ಮಾತಾಡುವುದು ಅತಿ ಅಗ್ಗದ ವಿಮೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 3: ಕಳೆನಾಶಕದ ಗಡುವು

ಗ್ಲೈಫೋಸೇಟ್ ಗಿಡದೊಳಗಿನ ಒಂದು ಕಿಣ್ವವನ್ನು ತಡೆದು, ಕೆಲವು ಅಗತ್ಯ ಅಮಿನೋ ಆಮ್ಲಗಳು ತಯಾರಾಗದಂತೆ ಮಾಡುತ್ತದೆ. ಜಿಎಂ ಕನೋಲಾದಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದ ಜೀನ್ ಅದೇ ಕೆಲಸ ಮಾಡುವ ಇನ್ನೊಂದು ಕಿಣ್ವವನ್ನು ಕೊಡುತ್ತದೆ, ಅದನ್ನು ಗ್ಲೈಫೋಸೇಟ್ ತಡೆಯಲಾರದು. ಇಷ್ಟಾದರೂ ಯಾವಾಗ ಬೇಕಾದರೂ ಹೊಡೆಯಬಹುದು ಎಂದಲ್ಲ. ಹಳೆಯ ರೌಂಡಪ್ ರೆಡಿ ತಳಿಗಳಿಗೆ 6 ಎಲೆಯ ಹಂತ ಕೊನೆಯ ಗಡುವು. ಟ್ರೂಫ್ಲೆಕ್ಸ್ ಆದರೆ ಮೊದಲ ಹೂ ಕಾಣುವವರೆಗೆ ಅವಕಾಶವಿದೆ. ಗಡುವು ಮೀರಿ ಹೊಡೆದರೆ ಹೂ, ಕಾಯಿ ಕಟ್ಟುವುದಕ್ಕೆ ಪೆಟ್ಟು ಬೀಳುತ್ತದೆ. ಡಬ್ಬದ ಮೇಲಿನ ಲೇಬಲ್ ಇಲ್ಲಿ ಸಲಹೆಯಲ್ಲ, ಕಾನೂನು.

ಸಿಂಪರಣೆ ಟ್ಯಾಂಕಿನಲ್ಲಿ ಹಿಂದೆ ಏನಿತ್ತು ಎಂದು ಕೇಳದೆ ಕೆಲಸ ಶುರು ಮಾಡಬೇಡಿ. ಗೋಧಿಗೆ ಬಳಸುವ ಸಲ್ಫೋನಿಲ್ ಯೂರಿಯಾ ಗುಂಪಿನ ಕಳೆನಾಶಕದ ಚೂರು ಉಳಿಕೆ ಸಾಕು, ಕನೋಲಾ ಮುರುಟಿಕೊಳ್ಳುತ್ತದೆ.

ಒಂದೇ ಮದ್ದಿನ ಮೇಲೆ ನಿಂತರೆ ಕಳೆಯೂ ಅದನ್ನು ತಾಳಲು ಕಲಿಯುತ್ತದೆ. ಗ್ಲೈಫೋಸೇಟ್‌ಗೆ ಬಗ್ಗದ ರೈಗ್ರಾಸ್ ಎಂಬ ಹುಲ್ಲುಕಳೆ ಜಗತ್ತಿನಲ್ಲೇ ಮೊದಲು ವರದಿಯಾದದ್ದು ಆಸ್ಟ್ರೇಲಿಯಾದಿಂದ, 1996ರಲ್ಲಿ. ಅಂದರೆ ಜಿಎಂ ಕನೋಲಾ ಇಲ್ಲಿನ ಹೊಲಕ್ಕೆ ಇಳಿಯುವ ಎಷ್ಟೋ ಮೊದಲು. ಅದಕ್ಕೇ ಇಲ್ಲಿನ ಜಾಣ ರೈತರು ಮದ್ದು ಬದಲಿಸುತ್ತಾರೆ, ಬೆಳೆ ಬದಲಿಸುತ್ತಾರೆ, ಕಟಾವಿನ ಹೊತ್ತಿಗೆ ಹೊಟ್ಟಿನೊಳಗಿನ ಕಳೆಬೀಜವನ್ನು ಯಂತ್ರದಲ್ಲೇ ಅರೆದು ಪುಡಿ ಮಾಡುತ್ತಾರೆ. ಆ ಅರೆಯುವ ಯಂತ್ರವನ್ನು ರೂಪಿಸಿದ್ದು ಪಶ್ಚಿಮ ಆಸ್ಟ್ರೇಲಿಯಾದ ಡಾರ್ಕನ್ ಊರಿನ ರೈತ ರೇ ಹ್ಯಾರಿಂಗ್ಟನ್. ಸಂಶೋಧನಾಲಯಕ್ಕೆ ಕಾಯದೆ ರೈತನೊಬ್ಬ ಹುಡುಕಿದ ದಾರಿ ಎಂಬ ಕಾರಣಕ್ಕೆ ಇದರ ಮೇಲೆ ನನಗೆ ವಿಶೇಷ ಗೌರವ.

ಹಂತ 4: ಕಟಾವು ಮತ್ತು ಯಂತ್ರದ ಶುಚಿ

ಅಕ್ಟೋಬರ್, ನವೆಂಬರ್ ಬಂತೆಂದರೆ ಕಟಾವು. ದಾರಿ ಎರಡು. ಗಿಡ ಪೂರ್ತಿ ಒಣಗುವ ಮೊದಲೇ ಕೊಯ್ದು ಸಾಲು ಸಾಲಾಗಿ ಹಾಸಿ ಒಣಗಿಸಿ, ಆಮೇಲೆ ಒಕ್ಕುವುದು ಒಂದು. ಈ ಸಾಲಿಗೆ ಸ್ವಾತ್ ಎನ್ನುತ್ತಾರೆ. ಗಿಡದ ನಡುಭಾಗದ ಕಾಯಿಗಳಲ್ಲಿ 60ರಿಂದ 80% ಕಾಳು ಹಸಿರು ಬಿಟ್ಟು ಕೆಂಪು, ಕಂದು, ಕಪ್ಪಿಗೆ ತಿರುಗಿದಾಗ ಕೊಯ್ಯುವ ಹದ. ನಿಂತ ಬೆಳೆಯನ್ನೇ ನೇರವಾಗಿ ಒಕ್ಕುವುದು ಇನ್ನೊಂದು. ನಿಂತ ಬೆಳೆ ಒಣಗಿಸಲು ಕೆಲವೊಮ್ಮೆ ಮದ್ದು ಹೊಡೆಯುತ್ತಾರೆ. ಗ್ಲೈಫೋಸೇಟ್ ತಾಳುವ ತಳಿಯನ್ನು ಗ್ಲೈಫೋಸೇಟ್‌ನಿಂದ ಒಣಗಿಸಲು ಆಗದು, ಡೈಕ್ವಾಟ್ ಎಂಬ ಬೇರೆ ಮದ್ದು ಬೇಕು. ಹೇಳಿದರೆ ಸಹಜ ಅನಿಸುತ್ತದೆ, ಆದರೆ ಅವಸರದಲ್ಲಿ ಮರೆಯುವ ವಿಷಯ.

ಸ್ವಾತ್ ಮಾಡಿದ ಹೊಲಕ್ಕೆ ಗಾಳಿಯ ಭಯ. ಪರ್ತ್‌ನ ಆಗ್ನೇಯಕ್ಕಿರುವ ಕೊಜೊನಪ್‌ನಲ್ಲಿ 2010ರ ಕೊನೆಯಲ್ಲಿ ಕೊಯ್ದಿಟ್ಟ ಜಿಎಂ ಕನೋಲಾ ಗಿಡಗಳು ಗಾಳಿಗೆ ಹಾರಿ ಪಕ್ಕದ ಸಾವಯವ ಜಮೀನಿಗೆ ಬಿದ್ದವು. ಆ ಜಮೀನಿನ ಸುಮಾರು 70% ಭಾಗದ ಪ್ರಮಾಣಪತ್ರ ಹೋಯಿತು. ಸಾವಯವ ರೈತರು ಹೂಡಿದ ದಾವೆ 2014ರಲ್ಲಿ ವಜಾ ಆಯಿತು, 2015ರಲ್ಲಿ ಮೇಲ್ಮನವಿಯೂ ವಜಾ ಆಯಿತು. ಕಾನೂನು ಜಿಎಂ ಬೆಳೆದವರ ಪರ ನಿಂತಿತು. ಆದರೆ ಊರಿನ ನೆರೆಹೊರೆಯಲ್ಲಿ ಬಿದ್ದ ಬಿರುಕನ್ನು ಯಾವ ತೀರ್ಪೂ ಮುಚ್ಚಲಿಲ್ಲ. ಬೇಲಿಯ ಪಕ್ಕದ ಪಟ್ಟೆಯನ್ನಾದರೂ ಸ್ವಾತ್ ಮಾಡದೆ ನೇರವಾಗಿ ಒಕ್ಕಿದರೆ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ.

ಈಗ ಯಂತ್ರದ ವಿಷಯ. ನಿಮ್ಮ ಕೆಲಸದ ಮುಖ್ಯ ಭಾಗ ಇದೇ, ನಿಧಾನವಾಗಿ ಓದಿ.

ಕೊಯ್ದು ಒಕ್ಕುವ ದೊಡ್ಡ ಯಂತ್ರಕ್ಕೆ ಇಲ್ಲಿ ಹೆಡರ್ ಎನ್ನುತ್ತಾರೆ. ಅದರ ಜೊತೆ ಓಡುತ್ತಾ ಕಾಳು ತುಂಬಿಕೊಳ್ಳುವ ಗಾಡಿ ಚೇಸರ್ ಬಿನ್, ಹೊಲದ ಅಂಚಿನಲ್ಲಿ ನಿಲ್ಲಿಸುವ ದೊಡ್ಡ ತೊಟ್ಟಿ ಫೀಲ್ಡ್ ಬಿನ್, ಕಾಳು ಮೇಲೇರಿಸುವ ಸುರುಳಿ ಕೊಳವೆ ಆಗರ್. ಟ್ಯಾಂಕ್ ಖಾಲಿ ಎಂದು ಕಂಡ ಮೇಲೂ ಹೆಡರ್ ಒಳಗೆ ಹತ್ತಾರು ಕಿಲೋ ಕಾಳು ಉಳಿದಿರಬಲ್ಲದು. ಆದ್ದರಿಂದ ಮೊದಲ ಸೂತ್ರ: ನಾನ್ ಜಿಎಂ ಹೊಲಗಳನ್ನು ಮೊದಲು ಮುಗಿಸಿ, ಜಿಎಂ ಕೊನೆಗೆ. ಈ ಕ್ರಮ ಸಾಧ್ಯವಾದರೆ ಶುಚಿ ಮಾಡುವ ತಲೆನೋವು ಅರ್ಧಕ್ಕರ್ಧ ಕಡಿಮೆ.

ಸಾಧ್ಯವಾಗದಿದ್ದರೆ ಹೀಗೆ ಮಾಡಿ. ಜಿಎಂ ಹೊಲದೊಳಗೇ ಹೆಡರನ್ನು ಕೆಲ ನಿಮಿಷ ಖಾಲಿ ಓಡಿಸಿ. ಫ್ಯಾನ್ ಪೂರ್ತಿ ವೇಗದಲ್ಲಿರಲಿ. ಅನ್‌ಲೋಡ್ ಆಗರ್ ಖಾಲಿ ಮಾಡಿ. ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ ಮೇಲೆ ಮಾತ್ರ ಮುಚ್ಚಳಗಳನ್ನು ತೆಗೆಯಿರಿ. ಕಲ್ಲು ಹಿಡಿಯುವ ತೊಟ್ಟಿ, ಎಲಿವೇಟರ್‌ನ ತಳ, ಟ್ಯಾಂಕಿನ ಕೆಳಗಿನ ಕುಳಿ, ಜರಡಿಗಳ ಹಿಂಬದಿ: ಕಾಳು ಕೂರುವ ಜಾಗ ಇವೇ. ಗಾಳಿಯ ಬ್ಲೋವರ್ ಹಿಡಿದು ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಬನ್ನಿ, ತಿರುಗುಮುರುಗು ಮಾಡಿದರೆ ಶುಚಿಯಾದ ಜಾಗಕ್ಕೇ ಮತ್ತೆ ಕಾಳು ಬೀಳುತ್ತದೆ. ಮುಂದಿನ ನಾನ್ ಜಿಎಂ ಹೊಲದ ಮೊದಲ ಟ್ಯಾಂಕನ್ನು ಜಿಎಂ ರಾಶಿಗೇ ಸುರಿಯಿರಿ. ಅಷ್ಟು ಕಾಳಿಗೆ ದರ ಕಡಿಮೆಯಾದರೂ ಉಳಿದದ್ದು ಉಳಿಯುತ್ತದೆ. ಚೇಸರ್ ಬಿನ್, ಫೀಲ್ಡ್ ಬಿನ್, ಆಗರ್‌ಗಳಿಗೂ ಇದೇ ಕ್ರಮ. ಕೊನೆಗೆ ದಿನಾಂಕ, ಹೊತ್ತು, ಯಾರು ಶುಚಿ ಮಾಡಿದರು ಎಂದು ಡೈರಿಯಲ್ಲಿ ಬರೆದು ಸಹಿ ಹಾಕಿ.

ಒಣ ಹೊಟ್ಟು ಎಂಜಿನ್ನಿನ ಬಿಸಿ ಭಾಗಕ್ಕೆ ಅಂಟಿ ಬೆಂಕಿ ಹತ್ತುವುದು ಇಲ್ಲಿ ಅಪರೂಪವಲ್ಲ. ಬ್ಲೋವರ್ ಕೈಯಲ್ಲಿದ್ದಾಗ ಎಂಜಿನ್ ಸುತ್ತಲೂ ಊದಿಬಿಡಿ. ಬಿಸಿಗಾಳಿಯ ದಿನ ಸ್ಥಳೀಯ ಆಡಳಿತ ಕಟಾವು ನಿಲ್ಲಿಸಲು ಆದೇಶ ಹೊರಡಿಸುತ್ತದೆ. ಅದನ್ನು ಯಾರ ಮಾತಿಗೂ ಮೀರಬೇಡಿ.

ಹಂತ 5: ಸೈಲೋ ಮತ್ತು ಲಾರಿ

ಜಮೀನಿನಲ್ಲೇ ಕಾಳು ಇಡುವುದಾದರೆ ಜಿಎಂಗೆ ಬೇರೆ ಸೈಲೋ, ಅದರ ಮೇಲೆ ಎದ್ದು ಕಾಣುವ ಗುರುತು. ಸೈಲೋ ಎಂದರೆ ಲೋಹದ ಎತ್ತರದ ಕಣಜ. ತೇವಾಂಶ 8% ಮೀರಬಾರದು ಎಂಬುದು ಮಾರಾಟದ ನಿಯಮ. ಇಡುವುದಕ್ಕಾದರೆ 7%ರ ಆಸುಪಾಸು ಒಳ್ಳೆಯದು, ಎಣ್ಣೆ ಹೆಚ್ಚಿದ್ದಷ್ಟೂ ಕಾಳು ಬೇಗ ಬಿಸಿಯೇರುತ್ತದೆ. ಕಾಳು ಸಣ್ಣದಾದ್ದರಿಂದ ರಾಶಿಯೊಳಗೆ ಗಾಳಿ ಸುಲಭವಾಗಿ ನುಗ್ಗುವುದಿಲ್ಲ. ಗೋಧಿಗೆ ಸಾಕಾಗುವ ಫ್ಯಾನ್ ಇದಕ್ಕೆ ಸಾಲದೆ ಹೋಗಬಹುದು.

ಕನೋಲಾ ನೀರಿನಂತೆ ಹರಿಯುತ್ತದೆ. ಲಾರಿಯ ಹಿಂಬಾಗಿಲ ಸಂದು, ತಳದ ತೂತು, ಎಲ್ಲಕ್ಕೂ ಟೇಪ್ ಅಥವಾ ಸೀಲಂಟ್ ಹಾಕಿ, ಟಾರ್ಪಾಲಿನ್ ಬಿಗಿಯಿರಿ. ದಾರಿಯುದ್ದಕ್ಕೂ ಸೋರಿದರೆ ರಸ್ತೆಯ ಅಂಚಿನಲ್ಲೆಲ್ಲ ಗ್ಲೈಫೋಸೇಟ್‌ಗೆ ಸಾಯದ ಗಿಡ ಹುಟ್ಟುತ್ತದೆ.

ಹೀಗೆ ಹರಿಯುವುದರಿಂದಲೇ ಇದು ಮನುಷ್ಯರನ್ನು ನುಂಗುತ್ತದೆ. ಕೆಳಗಿನಿಂದ ಕಾಳು ಇಳಿಯುತ್ತಿರುವ ಸೈಲೋ ಅಥವಾ ಬಿನ್ನಿನೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಮಂಡಿಯವರೆಗೆ ಹೂತರೆ ಹೊರಬರುವುದು ಕಷ್ಟ, ಸೊಂಟದವರೆಗೆ ಹೂತರೆ ಸ್ವಂತ ಬಲದಿಂದ ಆಗದ ಮಾತು. ಯಜಮಾನರು "ಸ್ವಲ್ಪ ಇಳಿದು ತಳ್ಳಪ್ಪಾ" ಎಂದರೂ ಆಗುವುದಿಲ್ಲ ಎನ್ನಿ. ಹಾಗೆ ನಿರಾಕರಿಸುವ ಹಕ್ಕು ಇಲ್ಲಿನ ಕಾನೂನು ನಿಮಗೆ ಕೊಟ್ಟಿದೆ, ವೀಸಾ ಯಾವುದೇ ಇರಲಿ. ಹುಳಕ್ಕೆ ಫಾಸ್ಫೀನ್ ಮಾತ್ರೆ ಹಾಕಿ ಮುಚ್ಚಿದ ಸೈಲೋದ ಮುಚ್ಚಳವನ್ನೂ ಮುಟ್ಟಬೇಡಿ, ಆ ಅನಿಲ ಕೊಲ್ಲುತ್ತದೆ. ಆಗರ್ ಎತ್ತುವ ಮೊದಲು, ಲಾರಿಯ ತೊಟ್ಟಿ ಮೇಲೆತ್ತುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ನೋಡಿ.

ಹಂತ 6: ಸಂಗ್ರಹ ಕೇಂದ್ರದಲ್ಲಿ

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಹುಪಾಲು ಕಾಳು ಹೋಗುವುದು ಸಿಬಿಎಚ್ ಎಂಬ ರೈತರ ಸಹಕಾರಿ ಸಂಸ್ಥೆಗೆ. 1933ರಲ್ಲಿ ಶುರುವಾದದ್ದು. ಅಲ್ಲಿಂದ ಕ್ವಿನಾನಾ, ಆಲ್ಬನಿ, ಎಸ್ಪೆರೆನ್ಸ್, ಜೆರಾಲ್ಡ್‌ಟನ್ ಬಂದರುಗಳಿಗೆ. ಎಲ್ಲ ಕೇಂದ್ರಗಳೂ ಜಿಎಂ ಕನೋಲಾ ತೆಗೆದುಕೊಳ್ಳುವುದಿಲ್ಲ, ಆ ದಿನ ಯಾವುದು ತೆರೆದಿದೆ ಎಂದು ಹೊರಡುವ ಮೊದಲೇ ನೋಡಿ.

ಗೇಟಿನ ಬಳಿ ಲಾರಿಯವರು ಕೊಡುವ ಘೋಷಣೆಯಲ್ಲಿ ತಳಿ, ಹೊಲ, ಲಾರಿಯಲ್ಲಿ ಹಿಂದೆ ಸಾಗಿಸಿದ ಸರಕು ಎಲ್ಲ ಇರಬೇಕು. ನಂತರ ಉದ್ದದ ಕೊಳವೆ ರಾಶಿಯೊಳಗೆ ಇಳಿದು ಹಲವು ಕಡೆಯಿಂದ ಮಾದರಿ ಎಳೆಯುತ್ತದೆ. ಒಂದು ಯಂತ್ರ ಎಣ್ಣೆ, ತೇವಾಂಶ ಹೇಳುತ್ತದೆ, ಜರಡಿ ಕಸಕಡ್ಡಿ ಹೇಳುತ್ತದೆ. ಎಣ್ಣೆಗೆ 42% ಮೂಲ. ಅದಕ್ಕಿಂತ ಪ್ರತಿ 1% ಹೆಚ್ಚಿಗೆ ದರದ ಮೇಲೆ 1.5% ಸೇರುತ್ತದೆ, ಕಡಿಮೆಯಾದರೆ ಅಷ್ಟೇ ಕಡಿತ. ಟನ್ನಿಗೆ 700 ಡಾಲರ್ ದರವಿದ್ದು ಎಣ್ಣೆ 45% ಬಂದರೆ 4.5%, ಅಂದರೆ 31.50 ಡಾಲರ್ ಹೆಚ್ಚು.

ನಾನ್ ಜಿಎಂ ದರ್ಜೆಯ ಹೆಸರು ಸಿಎಎನ್1, ಜಿಎಂ ದರ್ಜೆ ಸಿಎಜಿ1. ನಾನ್ ಜಿಎಂ ಎಂದು ಬಂದ ಲೋಡನ್ನು ಪಟ್ಟಿ ಪರೀಕ್ಷೆಗೆ ಒಡ್ಡಬಹುದು. ಕಾಳು ಪುಡಿ ಮಾಡಿ ನೀರಿನಲ್ಲಿ ಕಲಸಿ ಕಾಗದದ ಪಟ್ಟಿ ಅದ್ದಿದರೆ, ಜಿಎಂ ಜೀನ್ ತಯಾರಿಸುವ ಪ್ರೋಟೀನ್ ಇದ್ದಲ್ಲಿ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಗ್ಲೈಫೋಸೇಟ್ ಬಗೆಯ ಪ್ರೋಟೀನ್ ಬೇರೆ, ಗ್ಲೂಫೋಸಿನೇಟ್ ಬಗೆಯದ್ದು ಬೇರೆ. ಹಾಗಾಗಿ ಒಂದು ಪಟ್ಟಿಯಲ್ಲಿ ಗೆರೆ ಬರಲಿಲ್ಲ ಎಂದು ಎರಡೂ ಇಲ್ಲ ಎನ್ನುವಂತಿಲ್ಲ.

ಇಲ್ಲಿ ನೆನಪಿಡಬೇಕಾದ ಸೂತ್ರ: ಅನುಮಾನ ಬಂದರೆ ಜಿಎಂ ಎಂದೇ ಘೋಷಿಸಿ. ನಾನ್ ಜಿಎಂ ಕಾಳು ಜಿಎಂ ರಾಶಿಗೆ ಬಿದ್ದರೆ ಹೋಗುವುದು ಒಂದು ಲೋಡಿನ ದರದ ವ್ಯತ್ಯಾಸ. ಜಿಎಂ ಕಾಳು ನಾನ್ ಜಿಎಂ ರಾಶಿಗೆ ಬಿದ್ದರೆ ಇಡೀ ರಾಶಿ ಕೆಡುತ್ತದೆ, ಹಣ ತೆರಬೇಕಾದವರು ಘೋಷಣೆಗೆ ಸಹಿ ಹಾಕಿದವರು. ತಪ್ಪಾಗಿ ಸುರಿದದ್ದು ಗಮನಕ್ಕೆ ಬಂದರೆ ಆ ಕ್ಷಣವೇ ಅಲ್ಲಿನ ಸಿಬ್ಬಂದಿಗೆ ಹೇಳಿ. ಕಾಳು ಸಾಗಿಸುವ ಬೆಲ್ಟ್ ನಿಲ್ಲಿಸಿದರೆ ಉಳಿಯುವುದು ತುಂಬಾ. ಸಂಜೆಯವರೆಗೆ ಮುಚ್ಚಿಟ್ಟರೆ ಏನೂ ಉಳಿಯುವುದಿಲ್ಲ.

ಹಂತ 7: ಕಟಾವಿನ ನಂತರದ ವರ್ಷಗಳು

ಉದುರಿದ ಕಾಳಿನಿಂದ ತಾನಾಗಿ ಹುಟ್ಟುವ ಗಿಡಗಳಿಗೆ ಇಲ್ಲಿ ವಾಲಂಟಿಯರ್ ಎನ್ನುತ್ತಾರೆ. ಹೆಚ್ಚಿನವು ಮೊದಲ ಒಂದೆರಡು ಮಳೆಗಾಲದಲ್ಲಿ ಹುಟ್ಟುತ್ತವೆ, ಕೆಲವು ಮಣ್ಣಿನಲ್ಲಿ ಇನ್ನೂ ಕಾಯುತ್ತವೆ. ಕಟಾವಾದ ಕೂಡಲೇ ಆಳವಾಗಿ ಉಳುಮೆ ಮಾಡಿ ಕಾಳನ್ನು ಹೂಳಬೇಡಿ, ಹೂತ ಕಾಳು ಹೆಚ್ಚು ವರ್ಷ ಬದುಕುತ್ತದೆ. ಮೇಲೆಯೇ ಬಿಟ್ಟರೆ ಮಳೆಗೆ ಹುಟ್ಟುತ್ತದೆ, ಹುಟ್ಟಿದ್ದನ್ನು ಕೊಲ್ಲಬಹುದು. ಕೊಲ್ಲಲು ಗ್ಲೈಫೋಸೇಟ್ ಬರಿದೇ ಸಾಲದು ಎಂದು ಹೇಳಬೇಕಿಲ್ಲ. 2,4-ಡಿ ಅಥವಾ ಪ್ಯಾರಾಕ್ವಾಟ್‌ನಂಥ ಬೇರೆ ಮದ್ದು ಬೇಕು, ಗಿಡ ಚಿಕ್ಕದಿರುವಾಗಲೇ, ಹೂ ಬಿಡುವ ಮೊದಲು. ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವ ಉಳಿಯುವುದು ಕಷ್ಟ. ಮುಖಕವಚ, ಕೈಗವಸು ಇಲ್ಲದೆ ಡಬ್ಬ ಮುಟ್ಟಬೇಡಿ, ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ.

ಬೇಲಿ ಸಾಲು, ಲಾರಿ ತುಂಬಿದ ಜಾಗ, ಸೈಲೋದ ಬುಡ, ಜಮೀನಿನಿಂದ ಹೊರಡುವ ದಾರಿಯ ತಿರುವು. ಮೊದಲ ಮಳೆಯಾದ ಕೆಲ ವಾರಕ್ಕೆ ಇಲ್ಲೆಲ್ಲ ಒಮ್ಮೆ ನಡೆದು ನೋಡಿ, ಹುಟ್ಟಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ. ಆ ಹೊಲದಲ್ಲಿ ಮತ್ತೆ ನಾನ್ ಜಿಎಂ ಕನೋಲಾ ಹಾಕಬೇಕೆಂದಿದ್ದರೆ ನಡುವೆ ಗೋಧಿ, ಬಾರ್ಲಿಯಂಥ ಬೆಳೆಗಳನ್ನು ಕೆಲ ವರ್ಷ ತೆಗೆದು, ವಾಲಂಟಿಯರ್ ಕಾಣದಾದ ಮೇಲೆಯೇ ಬಿತ್ತಬೇಕು. ಆ ನಿರ್ಧಾರ ಯಜಮಾನರದ್ದು. ಆದರೆ ಎಲ್ಲಿ, ಯಾವಾಗ, ಎಷ್ಟು ಗಿಡ ಕಂಡಿತು ಎಂಬ ನಿಮ್ಮ ಟಿಪ್ಪಣಿ ಇಲ್ಲದೆ ಅವರೂ ಅದನ್ನು ಸರಿಯಾಗಿ ಮಾಡಲಾರರು. ಕೆಲಸ ಬಿಟ್ಟು ಹೊರಡುವ ದಿನ ಡೈರಿಯನ್ನು ಅವರ ಕೈಗೇ ಕೊಟ್ಟು ಬನ್ನಿ.